ಗಾಲಿಯ ಧೂಳು

ಲಾರಿಯ ಗಾಲಿ ತಾನು ಸವೆದಷ್ಟನ್ನೂ ತಾನೇ ಹೊತ್ತು ಮನೆಗೆ ತಂದರೆ ಹೇಗೆ? ಧಾರವಾಡದ ಒಂದು ಪ್ರಯೋಗಾಲಯದಲ್ಲಿ ನಸ್ರೀನ್ ಮುಲ್ಲಾ ಎಂಬ ವಿಜ್ಞಾನಿಗೆ ಹೊಳೆದ ಪ್ರಶ್ನೆ ಇದು. ಈ ಒಂದು ಪ್ರಶ್ನೆಯಿಂದ ನಮ್ಮ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದೆವು, ನಮ್ಮತ್ತೆ ಊಟ ಬಿಟ್ಟಿದ್ದರು. ಈಗ ಅದೇ ಪ್ರಶ್ನೆಯ ಹೆಸರು ಹೇಳಿಕೊಂಡು ಹುಬ್ಬಳ್ಳಿಯಲ್ಲಿ ಎದೆ ಸೆಟೆದು ಓಡಾಡುತ್ತೇವೆ. ಹೇಗೆ ಎಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಾನು ಶಿವಲೀಲಾ. ಬೈಪಾಸಿನ ಪಕ್ಕದಲ್ಲಿರುವ ತೋಟಪ್ಪ ಸಾವಕಾರರ ಲಾರಿ ಕಂಪನಿಯಲ್ಲಿ ಕಂಟ್ರೋಲ್ ರೂಮು ನೋಡಿಕೊಳ್ಳುತ್ತೇನೆ. ಗೋಡೆಯಗಲದ ನಕ್ಷೆಯ ಮೇಲೆ ನಮ್ಮ ಗಾಡಿಗಳು ಹಸಿರು ಚುಕ್ಕೆಗಳಾಗಿ ಹರಿದಾಡುತ್ತಿರುತ್ತವೆ. ಅವುಗಳಲ್ಲಿ ಒಂದು ಚುಕ್ಕೆ ನನ್ನ ಗಂಡ ಫಕ್ಕೀರಪ್ಪನವರದು. ಗಂಡನ ಹೆಸರು ಹಿಡಿದು ಬರೆಯುತ್ತಿದ್ದೇನೆ, ನಮ್ಮತ್ತೆಯ ಕಣ್ಣಿಗೆ ಬೀಳದಿದ್ದರೆ ಸಾಕು. ಗಂಡ ಎಲ್ಲಿದ್ದಾನೆಂದು ಇಷ್ಟು ಖಚಿತವಾಗಿ ಗೊತ್ತಿರುವ ಹೆಂಡತಿ ಲೋಕದಲ್ಲೇ ಇಲ್ಲ ಎಂದು ಆಫೀಸಿನಲ್ಲಿ ಚೇಷ್ಟೆ ಮಾಡುತ್ತಾರೆ. ಗೊತ್ತಿದ್ದು ಏನು ಬಂತು, ಅಲ್ಲಿ ಏನು ಮಾಡುತ್ತಿದ್ದಾನೆ ಎಂದು ಚುಕ್ಕೆ ಹೇಳುವುದಿಲ್ಲವಲ್ಲ.

ಬಯಲಿನ ಹೆದ್ದಾರಿಗಳಲ್ಲಿ ಈಗ ಡ್ರೈವರೇ ಇಲ್ಲದ ಲಾರಿಗಳು ಓಡುತ್ತವೆ. ಮನುಷ್ಯರ ಕೈಯಲ್ಲಿ ಉಳಿದದ್ದು ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಂಥ ದಾರಿಗಳು ಮಾತ್ರ. ಅಲ್ಲಿಯ ಮಂಜು, ಅಲ್ಲಿಯ ತಿರುವು, ತಿರುವಿನಲ್ಲೇ ಮಲಗಿ ಮೆಲುಕು ಹಾಕುವ ಎಮ್ಮೆ, ಇವುಗಳ ಜೊತೆ ವ್ಯವಹಾರ ಮಾಡಲು ಯಂತ್ರಕ್ಕೆ ಇನ್ನೂ ಪೂರ್ತಿ ಬಂದಿಲ್ಲ. ಫಕ್ಕೀರಪ್ಪನವರ ಅಪ್ಪ ಅದೇ ಘಟ್ಟದಲ್ಲಿ ಗಾಡಿ ಹೊಡೆದವರು. ಇವರಿಗೂ ಬೇರೆ ಕೆಲಸ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ನಮ್ಮ ಸಾವಕಾರರು ಏನನ್ನೂ ಎಸೆಯುವವರಲ್ಲ. ಸರಕು ಮುಚ್ಚುವ ತಾಡಪತ್ರಿ ಹರಿದರೆ ಚೀಲವಾಗುತ್ತದೆ, ಸುಟ್ಟ ಆಯಿಲ್ ಶುದ್ಧವಾಗಿ ಮತ್ತೆ ಎಂಜಿನ್ನು ಸೇರುತ್ತದೆ, ಸತ್ತ ಬ್ಯಾಟರಿಯ ಸೀಸ ಹೊಸ ಬ್ಯಾಟರಿಗೆ ಹೋಗುತ್ತದೆ. ಒಡೆದ ಗಾಜು ಕೂಡ ಅಂಗಳದ ಕಾಂಕ್ರೀಟಿನಲ್ಲಿದೆ. "ನಮ್ಮ ಕಸಕ್ಕ ನಾವ ತಂದಿ ತಾಯಿ" ಎನ್ನುವುದು ಅವರ ಮಾತು. ಒಂದು ಮಾತ್ರ ಅವರ ಕೈಗೂ ಸಿಕ್ಕಿರಲಿಲ್ಲ. ಹಾಕುವಾಗ ಇದ್ದ ಟಯರಿನ ತೂಕ ಬಿಚ್ಚುವಾಗ ಇರುತ್ತಿರಲಿಲ್ಲ. ಆ ರಬ್ಬರು ಎಲ್ಲಿಗೆ ಹೋಯಿತೆಂದು ಯಾರೂ ಕೇಳಿರಲಿಲ್ಲ. ಘಟ್ಟದ ಹಳ್ಳಗಳಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲತೊಡಗಿದಾಗ ಉತ್ತರ ಸಿಕ್ಕಿತು. ಸವೆದ ರಬ್ಬರು ಸಣ್ಣ ಧೂಳಾಗಿ ರಸ್ತೆಗೆ ಬೀಳುತ್ತದೆ, ಮಳೆಗೆ ಹಳ್ಳ ಸೇರುತ್ತದೆ, ಆ ಹಳ್ಳದ ನೀರನ್ನೇ ಕೆಳಗಿನ ಊರುಗಳು ಕುಡಿಯುತ್ತವೆ.

ಘಟ್ಟ ಕಾಯಲು ಒಂದು ಪ್ರಾಧಿಕಾರ ಬಂತು. ಅದರ ನಿಯಮ ಸರಳ. ಟಯರು ಕಳೆದುಕೊಂಡ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಿಡಿದು ತಂದ ಕಂಪನಿಗೆ ಘಟ್ಟದ ದಾರಿ. ತಾರದಿದ್ದರೆ ಆ ದಾರಿಯೂ ಡ್ರೈವರಿಲ್ಲದ ಗಾಡಿಗಳ ದೊಡ್ಡ ಕಂಪನಿಯ ಪಾಲು, ನಮ್ಮ ಡ್ರೈವರುಗಳೆಲ್ಲ ಮನೆಗೆ. ಆಯುಧಪೂಜೆಗೆ ನಮ್ಮ ಕಡೆ ಖಂಡೆಪೂಜೆ ಎನ್ನುತ್ತೇವೆ. ಅದರ ಹಿಂದಿನ ದಿನ ಕೊನೆಯ ತೂಕ ಎಂದು ನಿಗದಿಯಾಯಿತು.

ನಸ್ರೀನ್ ಮೇಡಂ ನಮ್ಮ ಅಂಗಳಕ್ಕೆ ಬಂದದ್ದು ಆಗ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುತ್ತದಲ್ಲ, ಅವರ ಸಾಧನದ ಗುಟ್ಟೂ ಅಷ್ಟೇ. ರಸ್ತೆಗೆ ಉಜ್ಜಿ ಹುಟ್ಟುವ ರಬ್ಬರ್ ಧೂಳಿನಲ್ಲಿ ಸ್ವಲ್ಪ ವಿದ್ಯುತ್ತು ಇರುತ್ತದೆ. ಗಾಲಿಯ ಹಿಂದೆ ಅದಕ್ಕೆ ವಿರುದ್ಧವಾದ ವಿದ್ಯುತ್ತಿನ ಬಲೆ ಕಟ್ಟಿದರೆ ಧೂಳು ನೆಲಕ್ಕೆ ಬೀಳುವ ಮೊದಲೇ ಬಲೆಗೆ ಅಂಟುತ್ತದೆ. ನೀರು ಹಾಕಿ ತೊಳೆದರೆ ಬಿಟ್ಟುಕೊಡುತ್ತದೆ. ಮಳೆ ಬಂದರೆ ತಾನೇ ಮುಚ್ಚಿಕೊಳ್ಳಲು ಅದಕ್ಕೊಂದು ರೆಪ್ಪೆ ಇತ್ತು. ಎಷ್ಟು ಹಿಡಿಯಿತು ಎಂಬುದು ಮಾತ್ರ ಬಿಚ್ಚಿ ತೊಳೆದಾಗಲೇ ಗೊತ್ತು. ಹಾಗೆ ತೊಳೆದ ಧೂಳು ಅಂಗಳದ ಒಂದು ತೊಟ್ಟಿಗೆ ಹೋಗಬೇಕು. ಟಯರು ಗಟ್ಟಿಯಾಗಲೆಂದು ರಬ್ಬರಿಗೆ ಗಂಧಕ ಬೆರೆಸಿರುತ್ತಾರೆ. ಆ ಗಂಧಕದ ಗಂಟನ್ನು ಬಿಡಿಸುವ ಸೂಕ್ಷ್ಮಜೀವಿಗಳನ್ನು ಮೇಡಂ ತೊಟ್ಟಿಯಲ್ಲಿ ಸಾಕಿದ್ದರು. ಅವು ಬಿಡಿಸಿಕೊಟ್ಟ ಮೆತ್ತನೆಯ ರಬ್ಬರನ್ನು ಸವೆದ ಟಯರಿನ ಮೇಲೆ ಹೊಸ ಪದರವಾಗಿ ಹಚ್ಚಿದರೆ, ಕಳೆದದ್ದು ತಿರುಗಿ ಬಂದಂತೆ.

ಡ್ರೈವರುಗಳು ಆ ಬಲೆಗೆ ಜೋಳಿಗೆ ಎಂದು ಹೆಸರಿಟ್ಟರು. ಕಟ್ಟಿದ ದಿನ ಮೇಡಂ ಎಲ್ಲರನ್ನೂ ನಿಲ್ಲಿಸಿ, "ಇದು ಭಾಳ ನಾಜೂಕೈತ್ರಿ. ನಿಮ್ಮ ಮನಿ ಕೂಸಿನ ಹಂಗ ಜೋಪಾನ ಮಾಡ್ರಿ" ಎಂದರು. ಎಲ್ಲರೂ ತಲೆ ಆಡಿಸಿದರು. ಆ ಮಾತನ್ನು ಅವರು ಎಷ್ಟು ಮನಸ್ಸಿಗೆ ಹಚ್ಚಿಕೊಂಡರು ಎಂದು ನಮಗೆ ಆಮೇಲೆ ತಿಳಿಯಿತು.

ಮೊದಲ ಸುತ್ತಿನ ಗಾಡಿಗಳು ಬಂದವು. ಜೋಳಿಗೆ ಬಿಚ್ಚಿ ತೊಳೆದರೆ ಅಂಟಿದ್ದು ಕಾಡಿಗೆಯಷ್ಟು. ಮೇಡಂ ವಿದ್ಯುತ್ತು ಹೆಚ್ಚಿಸಿದರು, ಬಲೆಯ ಕಣ್ಣು ಸಣ್ಣದು ಮಾಡಿದರು, ಗಾಲಿಗೆ ಇನ್ನೂ ಹತ್ತಿರ ಕಟ್ಟಿಸಿದರು. ಏನು ಮಾಡಿದರೂ ಅದೇ ಕಾಡಿಗೆ. ತೊಟ್ಟಿಯ ಜೀವಿಗಳು ಉಪವಾಸ ಬಿದ್ದವು. ಪ್ರಾಧಿಕಾರದ ಅಧಿಕಾರಿ ಒಮ್ಮೆ ನೋಡಲು ಬಂದರು. ಡ್ರೈವರಿಲ್ಲದ ಕಂಪನಿಯವರೂ ಇದೇ ಬಲೆ ಕಟ್ಟಿದ್ದಾರೆ, ಅವರದು ಪ್ರತಿ ಸಲ ತುಂಬಿಯೇ ಬರುತ್ತದೆ ಎಂದು ಹೇಳಿದರು. "ಬಲೆಯಲ್ಲಿ ದೋಷವಿಲ್ಲ. ನಿಮ್ಮ ಡ್ರೈವರುಗಳ ಕಾಲಿಗೆ ಬ್ರೇಕಿನ ಹದ ಗೊತ್ತಿಲ್ಲ. ಗಕ್ಕನೆ ಒತ್ತಿದರೆ ರಬ್ಬರು ದೂರ ಸಿಡಿದು ಹೋಗುತ್ತೆ" ಎಂದರು. ನನಗೆ ಮೈಯೆಲ್ಲ ಉರಿಯಿತು. ನಮ್ಮವರ ಗಾಡಿಯಲ್ಲಿ ತುಂಬಿದ ಹಾಲಿನ ಕೊಡ ಇಟ್ಟರೂ ಘಟ್ಟ ಇಳಿಯುವಷ್ಟರಲ್ಲಿ ಒಂದು ಹನಿ ಚೆಲ್ಲುವುದಿಲ್ಲ.

ಅವತ್ತು ಸಂಜೆ ಫಕ್ಕೀರಪ್ಪ ಬಂದರು. ಕಂಪನಿಗೆ ಹೋಗುವ ದಾರಿಯಲ್ಲೇ ನಮ್ಮ ಓಣಿ ಸಿಗುವುದರಿಂದ ಅವರು ಮೊದಲು ಮನೆ ಮುಂದೆ ಗಾಡಿ ನಿಲ್ಲಿಸಿ, ತಾಯಿಗೆ ಮುಖ ತೋರಿಸಿ ಹೋಗುವುದು ರೂಢಿ. ನಮ್ಮತ್ತೆ ನಿಂಗವ್ವ ಹೊರಗೆ ಬಂದು ಮಡ್‌ಗಾರ್ಡಿನ ಮೇಲೆ ಬೆರಳು ಎಳೆದು ನೋಡುತ್ತಾರೆ. ಬೆರಳಿಗೆ ಏನೂ ಹತ್ತಬಾರದು. ಮಗ ಹುಟ್ಟಿದ ಸುದ್ದಿ ಕೇಳಿ ಓಡಿ ಬರುವಾಗಲೂ ನಮ್ಮ ಮಾವ ಗಾಡಿ ತೊಳೆದೇ ಊರೊಳಗೆ ಬಂದರಂತೆ. ಓಣಿಯವರು ಕಿಟಕಿಯಿಂದ ಆ ಹೊಳೆಯುವ ಗಾಡಿಯನ್ನು ನೋಡುವಾಗ ನನಗೂ ಒಳಗೊಳಗೆ ಹಿಗ್ಗು. ಸುಳ್ಳೇಕೆ ಹೇಳಲಿ.

ರೊಟ್ಟಿ ಬಡಿಯುತ್ತಾ ಅಧಿಕಾರಿಯ ಮಾತು ಹೇಳಿದೆ. ಇವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ನನ್ನ ಕಾಲಿಗಿ ಬ್ರೇಕಿನ ಹದಾ ಗೊತ್ತಿಲ್ಲಂತ?"

"ಜೋಳಿಗಿ ಯಾಕ ಖಾಲಿ ಬರ್ತೈತಿ ಅಂತ ಮೇಡಮ್ಮಾರಿಗೂ ತಿಳೀವಲ್ದು ರೀ."

"ಖಾಲಿ ಬರ್ತೈತಿ ಅಂದ್ರ ಅದರ ತಪ್ಪು, ನನ್ನ ತಪ್ಪಲ್ಲ. ನಾ ಅಂತೂ ಅದನ್ನ ಕೂಸಿನ ಹಂಗ ನೋಡ್ಕೊಂಡೇನಿ" ಎಂದರು. ಮಾತಿನಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ.

ಖಂಡೆಪೂಜೆ ಹತ್ತಿರ ಬಂತು. ನಸ್ರೀನ್ ಮೇಡಂ ಬಂದು ನನ್ನ ಪಕ್ಕದಲ್ಲಿ ಕೂತು ನಕ್ಷೆ ನೋಡತೊಡಗಿದರು. ಕಣ್ಣ ಕೆಳಗೆ ಕಪ್ಪಾಗಿತ್ತು. ಚುಕ್ಕೆಗಳು ಒಂದೊಂದಾಗಿ ಹುಬ್ಬಳ್ಳಿಯ ಹೊರಗೆ ಒಂದು ಕಡೆ ನಿಂತು, ಆಮೇಲೆ ಒಳಗೆ ಬರುತ್ತಿದ್ದವು.

"ಶಿವಲೀಲಾ, ಎಲ್ಲಾ ಗಾಡಿ ಇಲ್ಲೇ ನಿಲ್ತಾವಲ್ಲ, ಯಾವ ಜಾಗಾ ಇದು?"

"ಕರೆವ್ವನ ಕೆರಿ ರೀ. ಊರಾಗ ಬರೂಕಿಂತ ಮೊದಲ ಅಲ್ಲೇ ಗಾಡಿ ತೊಳೀತಾರ."

"ಪ್ರತಿ ಸಲ?"

"ಮತ್ತ? ಹೊಲಸು ಗಾಡಿ ಯಾರರ ಊರಾಗ ತರ್ತಾರೇನ್ರಿ?"

ಮೇಡಂ ನನ್ನ ಕಡೆ ನಿಧಾನಕ್ಕೆ ತಿರುಗಿದರು. "ಜೋಳಿಗೀನೂ ತೊಳೀತಾರ?"

"ಅದನ್ನ ಮೊದಲ ತೊಳೀತಾರ್ರಿ. ಕೂಸಿನ ಹಂಗ ಜೋಪಾನ ಮಾಡ್ರಿ ಅಂತ ನೀವ ಹೇಳಿದ್ರೆಲ್ಲಾ..."

ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಎಲ್ಲರಿಗೂ ಗೊತ್ತಿದ್ದ ಸಂಗತಿ, ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಹೇಳಿರಲಿಲ್ಲ. ಇಬ್ಬರೂ ಸಾವಕಾರರ ಕಾರು ತೆಗೆದುಕೊಂಡು ಕೆರೆಗೆ ಓಡಿದೆವು. ದಂಡೆಯಲ್ಲಿ ಸಾಲಾಗಿ ಗಾಡಿಗಳು. ಫಕ್ಕೀರಪ್ಪ ಚಲ್ಲಣ ಮೊಣಕಾಲಿನ ಮೇಲಕ್ಕೆ ಮಡಚಿ, ತೆಂಗಿನ ನಾರಿಗೆ ಸೋಪಿನ ಪುಡಿ ಹಾಕಿ ಜೋಳಿಗೆಯನ್ನು ಸಂದಿ ಸಂದಿ ಬಿಡದೆ ತಿಕ್ಕುತ್ತಿದ್ದರು. ನಮ್ಮನ್ನು ಕಂಡು ಮುಖ ಅರಳಿತು.

"ಬರ್ರಿ ಮೇಡಮ್ಮಾರ! ನೋಡ್ರಿ ನಿಮ್ಮ ಜೋಳಿಗಿ, ಕನ್ನಡಿ ಆಗೈತಿ!"

ಅವರ ಕಾಲ ಕೆಳಗಿನಿಂದ ಕಪ್ಪು ನೀರು ಹರಿದು ಕೆರೆಗೆ ಇಳಿಯುತ್ತಿತ್ತು. ಮೇಡಂ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ನಗತೊಡಗಿದರು. ಆ ನಗು ಎಲ್ಲಿ ಅಳುವಾಯಿತೋ ನನಗೂ ತಿಳಿಯಲಿಲ್ಲ. ಇಷ್ಟು ತಿಂಗಳ ಅವರ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗಿತ್ತು. ಡ್ರೈವರಿಲ್ಲದ ಗಾಡಿಗಳ ಬಲೆ ಏಕೆ ತುಂಬಿ ಬರುತ್ತಿತ್ತು ಎಂದು ಈಗ ಹೇಳಬೇಕಾಗಿಲ್ಲ. ಅವಕ್ಕೆ ಮನೆಯಿಲ್ಲ, ಬಾಗಿಲಲ್ಲಿ ಕಾಯುವ ತಾಯಿಯಿಲ್ಲ, ನೋಡುವ ಓಣಿಯಿಲ್ಲ. ಯಾರಿಗಾಗಿ ತೊಳೆದಾವು?

ಮಾರನೆಯ ದಿನ ಸಾವಕಾರರು ಎಲ್ಲರನ್ನೂ ಕರೆದು, ಇನ್ನು ಮೇಲೆ ಕೆರೆಯಲ್ಲಿ ತೊಳೆಯಬೇಡಿ, ಅಂಗಳದಲ್ಲೇ ತೊಟ್ಟಿಯ ಪಕ್ಕ ತೊಳೆಯೋಣ ಎಂದರು. ಎಲ್ಲರೂ ಹೂಂ ಎಂದರು. ಹೂಂ ಎನ್ನುವುದಕ್ಕೂ ಮಾಡುವುದಕ್ಕೂ ನಡುವೆ ಅರಬೈಲಿನಷ್ಟೇ ತಿರುವುಗಳಿವೆ. ಹೊರಗೆ ಬಂದ ಮೇಲೆ, ನನ್ನನ್ನು ಅತ್ತಿಗೆ ಎಂದೇ ಕಾಣುವ ಮಹಬೂಬ ಎಂಬ ಡ್ರೈವರ್ ನನಗೇ ಹೇಳಿದ. "ಅಂಗಳದಾಗ ತೊಳದ್ರ ಏನ್ ಬಂತು ವೈನಿ? ಅಷ್ಟರಾಗ ಊರ ಮಂದೆಲ್ಲಾ ನೋಡಿರ್ತೈತಲ್ಲ."

ಕೊನೆಯ ತೂಕಕ್ಕೆಂದು ಎಲ್ಲ ಗಾಡಿಗಳಿಗೂ ತೂಗಿದ ಹೊಸ ಟಯರು, ಹೊಸ ಜೋಳಿಗೆ ಕಟ್ಟಿದರು. ಅಂಕೋಲೆಗೆ ಹೋಗಿ ಬರುವ ಆ ಒಂದು ಸುತ್ತಿನ ಮೇಲೆ ಎಲ್ಲ ನಿಂತಿತ್ತು. ಹೊರಡುವ ಮುಂಚೆ ಮನೆಯಲ್ಲಿ ನಾನು ಮಾತು ತೆಗೆದೆ.

"ಈ ಸಲ ಕೆರಿಯಾಗ ತೊಳೀಬ್ಯಾಡ್ರಿ."

"ಹಬ್ಬದ ಮುಂದ ಹೊಲಸು ಗಾಡಿ ತರಲೇನು? ಹಬ್ಬಕ್ಕ ಬರೂ ಗಾಡಿಗೆ ಗೇಟಿನಾಗ ಆರತಿ ಹಿಡಕೊಂಡು ನಿಂತಿರ್ತಾರ ಎಲ್ಲಾರೂ."

"ನಿಂತ್ರ ನಿಲ್ಲಲಿ. ಒಂದ ದಿನ."

ಆಮೇಲೆ ಅವರು ಆಡಿದ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

"ಲಾರಿಯವ್ರು ಅಂದ್ರ ಮಂದಿ ಏನಂತಾರ, ನಿನಗ ಗೊತ್ತಿಲ್ಲೇನು ಲೀಲಾ? ಹೊಲಸು ಮಾತು, ಹೊಲಸು ಬಟ್ಟಿ, ಹೊಲಸು ಮಂದಿ ಅಂತಾರ. ಹೋಟೆಲ್‌ನಾಗ ನಾವು ಕುಂತ ಟೇಬಲ್ಲಿಗೆ ಯಾರೂ ಬರೂದಿಲ್ಲ. ಅದಕ್ಕ ನಮ್ಮಪ್ಪ ಗಾಡಿ ತೊಳದು ಊರಾಗ ಬರ್ತಿದ್ದ. ಒಬ್ಬರೂ ಬೆರಳ ಮಾಡಿ ತೋರಸಬಾರದು ಅಂತ. ಅವ ಗಳಿಸಿಟ್ಟಿದ್ದು ಅದೊಂದ. ಅದನ್ನೂ ಬಿಡು ಅಂತೀಯಲ್ಲ."

"ಘಟ್ಟದ ದಾರೀನ ಕೈ ಬಿಟ್ಟು ಹೋದ್ರ ಆಮ್ಯಾಲ ಯಾವ ಗಾಡಿ ತೊಳೀತೀರಿ?" ಎಂದೆ. ಕೇಳಬಾರದಿತ್ತೋ ಏನೋ, ಆದರೆ ಕೇಳಿದೆ.

ಒಳಗಿನಿಂದ ನಮ್ಮತ್ತೆಯ ದನಿ ಬಂತು. "ಹೊಲಸು ಗಾಡಿಗಿ ನಾ ಆರತಿ ಮಾಡೂದಿಲ್ಲ. ಈಗ ಹೇಳೇನಿ ನೋಡ್ರಿ." ಅವತ್ತು ಅವರು ಊಟಕ್ಕೂ ಏಳಲಿಲ್ಲ. ಫಕ್ಕೀರಪ್ಪ ನನಗೆ ಹೋಗಿ ಬರುತ್ತೇನೆ ಎಂದೂ ಹೇಳದೆ ಹೊರಟರು.

ತೂಕದ ದಿನ ಮಧ್ಯಾಹ್ನ. ಗೇಟಿನ ಬಳಿ ಹೊಸ ಸೀರೆಯುಟ್ಟ ಹೆಂಗಸರು, ಚೆಂಡು ಹೂವಿನ ಮಾಲೆಗಳು, ಆರತಿ ತಟ್ಟೆಗಳು. ನಮ್ಮತ್ತೆಯೂ ತಟ್ಟೆ ಹಿಡಿದು ಮುಂದೆಯೇ ನಿಂತಿದ್ದರು, ಮಗ ತೊಳೆದೇ ತರುತ್ತಾನೆ ಎಂಬ ಧೈರ್ಯದಿಂದ. ಕಂಟ್ರೋಲ್ ರೂಮಿನಲ್ಲಿ ನಾನು, ನಸ್ರೀನ್ ಮೇಡಂ, ಸಾವಕಾರರು, ಆ ಅಧಿಕಾರಿ. ನಾಲ್ವರ ಕಣ್ಣೂ ಗೋಡೆಯ ಮೇಲೆ.

ಘಟ್ಟ ಹತ್ತಿದ ಚುಕ್ಕೆಗಳು ಯಲ್ಲಾಪುರ ದಾಟಿದವು, ಕಲಘಟಗಿ ದಾಟಿದವು. ಎಲ್ಲಕ್ಕಿಂತ ಮುಂದೆ ನಮ್ಮವರ ಚುಕ್ಕೆ. ಕೆರೆ ಹತ್ತಿರ ಬಂತು. ನಿಲ್ಲಬ್ಯಾಡ್ರಿ, ನಿಲ್ಲಬ್ಯಾಡ್ರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಚುಕ್ಕೆ ನಿಂತಿತು.

ಅದರ ಹಿಂದೆ ಇನ್ನೊಂದು, ಮತ್ತೊಂದು. ಎಲ್ಲ ಚುಕ್ಕೆಗಳೂ ಕೆರೆಯ ಬಳಿ ಗುಂಪುಗೂಡಿದವು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ನಾನು ಕಾಯಬೇಕೇ?" ಎಂದು ಕೇಳಿದರು. ಮೇಡಂ ಎದ್ದು ಹೊರಗೆ ಹೋದರು. ನನಗೆ ನಕ್ಷೆ ಮಸುಕಾಗಿ ಕಾಣತೊಡಗಿತು. ಸಿಟ್ಟು ಬರಲಿಲ್ಲ, ಸಂಕಟವಾಯಿತು. ತನ್ನ ಮರ್ಯಾದೆಯನ್ನು ತಿಕ್ಕಿ ತಿಕ್ಕಿ ಇಟ್ಟುಕೊಂಡವನ ಮೇಲೆ ಹೇಗೆ ಸಿಟ್ಟಾಗುವುದು?

ಕೊನೆಗೆ ಚುಕ್ಕೆಗಳು ಕದಲಿದವು. ಬೈಪಾಸಿಗೆ ಬಂದವು. ಹಾರ್ನುಗಳ ಸದ್ದು ಕೇಳಿಸಿತು, ನಾನು ಗೇಟಿಗೆ ಓಡಿದೆ.

ಮೊದಲು ಒಳಗೆ ಬಂದದ್ದು ನಮ್ಮ ಗಾಡಿ. ಗಾಲಿಯಿಂದ ಕಿಟಕಿಯವರೆಗೆ ಘಟ್ಟದ ಕೆಂಪು ರಾಡಿ, ಮಡ್‌ಗಾರ್ಡಿನ ಮೇಲೆ ಕಪ್ಪು ಪದರ, ಜೋಳಿಗೆಗಳು ಇದ್ದಿಲ ಚೀಲದಂತೆ ಕರ್ರಗೆ. ಅದರ ಹಿಂದೆ ಒಂದರ ಬೆನ್ನಿಗೆ ಒಂದು ಗಾಡಿ, ಎಲ್ಲವೂ ಹಾಗೆಯೇ. ಆದರೆ ಒಳಗೆ ಕೂತ ಡ್ರೈವರುಗಳ ಮುಖ ತೊಳೆದು ಫಳಫಳ ಹೊಳೆಯುತ್ತಿತ್ತು. ಒಗೆದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಮಹಬೂಬನ ತಲೆಯ ಮೇಲೆ ಹೊಸ ಟೊಪ್ಪಿಗೆ.

ಮಹಬೂಬ ಇಳಿದವನೇ ನನ್ನ ಹತ್ತಿರ ಬಂದ. "ವೈನಿ, ಅಣ್ಣಾರು ಕೆರಿಗೆ ಇಳಿಯೂ ದಾರಿಗೆ ಗಾಡಿ ಅಡ್ಡ ಹಚ್ಚಿ ನಿಂತಬಿಟ್ರು. ಮೈ ತೊಳಕೋರಿ, ಬಟ್ಟಿ ಬದಲ ಮಾಡ್ರಿ, ಗಾಡಿ ತೊಳೀಬೇಕಂದ್ರ ನನ್ನ ದಾಟಿ ಹೋಗ್ರಿ ಅಂದ್ರು. ಯಾರ್ ದಾಟ್ತಾರ?"

ಫಕ್ಕೀರಪ್ಪ ಇಳಿದು ತಾಯಿಯ ಮುಂದೆ ನಿಂತರು, ತಲೆ ತಗ್ಗಿಸಿಕೊಂಡು. ನಮ್ಮತ್ತೆ ಗಾಡಿಯ ಹತ್ತಿರ ಹೋಗಿ ಎಂದಿನಂತೆ ಮಡ್‌ಗಾರ್ಡಿನ ಮೇಲೆ ಬೆರಳು ಎಳೆದರು. ಕಪ್ಪಾದ ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿದರು.

"ಇದೆಲ್ಲಾ ಘಟ್ಟದಾಗ ಬೀಳತಿತ್ತನ?"

"ಹೌದವ್ವಾ. ಅಪ್ಪನ ಕಾಲದಿಂದನೂ ಬೀಳತಿತ್ತು. ಊರ ಮುಂದ ಚಂದ ಕಾಣಬೇಕಂತ ಕೆರಿಗೆ ಬಿಟ್ಟೇವಿ, ಘಟ್ಟದ ಮಂದಿ ಕುಡಿಯೂ ನೀರಿಗೆ ಬಿಟ್ಟೇವಿ. ಹೊಲಸು ತೊಳಕೊಂಡಿದ್ದಿಲ್ಲಬೇ ನಾವು. ಮಂದಿ ಮನಿ ಮುಂದ ಚೆಲ್ಲಿ ಬಂದಿದ್ವಿ."

ನಮ್ಮತ್ತೆ ಗಾಡಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ತಟ್ಟೆ ಎತ್ತಿ ಆರತಿ ಬೆಳಗಿದರು. ಉಳಿದ ಹೆಂಗಸರೂ ಮುಂದೆ ಬಂದರು. ಆ ರಾಡಿಯ ಮೇಲೆ ಹಚ್ಚಿದ ಕುಂಕುಮ ನಿಲ್ಲದೆ ಜಾರುತ್ತಿತ್ತು, ಅವರು ಬಿಡದೆ ಮತ್ತೆ ಮತ್ತೆ ಹಚ್ಚುತ್ತಿದ್ದರು. ನನ್ನ ಕಣ್ಣೀರು ಅಲ್ಲಿಯೇ ಹರಿಯಿತು, ಒರೆಸಿಕೊಳ್ಳಲೂ ಇಲ್ಲ.

ಜೋಳಿಗೆ ಬಿಚ್ಚಿದರು. ತೊಟ್ಟಿಯ ಪಕ್ಕದ ಟಬ್ಬಿನಲ್ಲಿ ನೀರು ಬಿದ್ದ ಕೂಡಲೇ ಕಪ್ಪು ಧೂಳು ರಾಶಿ ರಾಶಿಯಾಗಿ ಇಳಿಯಿತು. ಮಣ್ಣು ಬೇರೆ ಮಾಡಿ, ಒಣಗಿಸಿ, ತೂಗಿ, ಟಯರುಗಳನ್ನೂ ತೂಗಿ, ಅಧಿಕಾರಿ ಲೆಕ್ಕ ಹಾಕಿದರು. ಒಮ್ಮೆ ಹಾಕಿ ನಂಬಿಕೆಯಾಗದೆ ಮತ್ತೊಮ್ಮೆ ಹಾಕಿದರು. ಅರ್ಧವಲ್ಲ, ಮುಕ್ಕಾಲು ಪಾಲಿಗೂ ಮೀರಿ ತಿರುಗಿ ಬಂದಿತ್ತು. ಡ್ರೈವರಿಲ್ಲದ ಗಾಡಿಗಳು ಎಂದೂ ಅಷ್ಟು ತಂದಿರಲಿಲ್ಲ. ಟಯರು ಸವೆದದ್ದೂ ಅವುಗಳಿಗಿಂತ ಕಡಿಮೆ. "ಬ್ರೇಕಿನ ವಿಷಯದಲ್ಲಿ ನಾನು ಹೇಳಿದ್ದು ತಪ್ಪು" ಎಂದು ಅಧಿಕಾರಿ ಎಲ್ಲರೆದುರೇ ಫಕ್ಕೀರಪ್ಪನವರ ಕೈ ಹಿಡಿದು ಹೇಳಿದರು. "ಘಟ್ಟದ ದಾರಿ ನಿಮ್ಮದೇ."

ನಸ್ರೀನ್ ಮೇಡಂ ಮೊದಲ ಬೊಗಸೆ ಧೂಳನ್ನು ತೊಟ್ಟಿಗೆ ತಾವೇ ಹಾಕಿದರು. ಸಾವಕಾರರು ಪೇಟ ತೆಗೆದು ಮುಖ ಒರೆಸಿಕೊಂಡರು. ಡ್ರೈವರುಗಳು ಮಾತ್ರ ಅಧಿಕಾರಿಯನ್ನು ಸುತ್ತುಗಟ್ಟಿ ನಿಂತಿದ್ದರು.

"ಸಾಹೇಬ್ರ, ಒಬ್ಬೊಬ್ಬರದ ಬ್ಯಾರೆ ಬ್ಯಾರೆ ಓದ್ರಿ. ಯಾರ ಗಾಡಿ ಭಾಳ ತಂದೈತಿ?"

"ನಂದ ಇರಬೇಕು" ಎಂದ ಮಹಬೂಬ. "ನನ್ನ ಜೋಳಿಗಿ ನೋಡಿಲ್ಲ? ಎಮ್ಮಿ ಹಂಗ ಕರ್ರಗಿತ್ತು."

"ಏ ಹೋಗೋ, ನಿಂದು ಬರೇ ರಾಡಿ. ನಂದು ಅಸಲಿ ರಬ್ಬರು!"

ನಿನ್ನೆಯವರೆಗೆ ಯಾರ ಗಾಡಿ ಹೆಚ್ಚು ಹೊಳೆಯುತ್ತದೆ ಎಂದು ಜಗಳವಾಡುತ್ತಿದ್ದವರು ಇವರೇ. ಅಧಿಕಾರಿ ನಗುತ್ತಾ ಓದಿದರು. ಕಳೆದುಕೊಂಡದ್ದರಲ್ಲಿ ಎಲ್ಲರಿಗಿಂತ ಹೆಚ್ಚು ಪಾಲು ತಿರುಗಿ ತಂದದ್ದು ಫಕ್ಕೀರಪ್ಪನವರ ಗಾಡಿ.

ಪಾಲು ಗೀಲು ನಮ್ಮತ್ತೆಗೆ ತಿಳಿಯಲಿಲ್ಲ. ತಿಳಿದಷ್ಟು ಅವರಿಗೆ ಸಾಕಾಗಿತ್ತು. ಖಾಲಿ ಆರತಿ ತಟ್ಟೆ ಹಿಡಿದುಕೊಂಡೇ ಗೇಟಿನ ಹೊರಗೆ ಹೋದರು. ರಸ್ತೆಯಲ್ಲಿ ಹೋಗುವವರನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ, ಕಪ್ಪಾದ ಬೆರಳಿನಿಂದ ನಮ್ಮ ಗಾಡಿಯ ಕಡೆ ತೋರಿಸಿ ಹೇಳತೊಡಗಿದರು.

"ನೋಡ್ರೆಪಾ, ಅಕಾ ಅದು! ಎಲ್ಲಾರಕಿಂತ ಹೊಲಸು ಗಾಡಿ, ನನ್ನ ಮಗಂದು!"